ಸತ್ತ ಫ್ಯೂಸಿನ ಸದ್ದು

ಚಟ್ ಎಂದಿತು. ಅಷ್ಟೇ ಸದ್ದು.

ಬೋರ್ಡಿನ ಎಡಮೂಲೆಯಿಂದ ನೂಲಿನಂಥ ಹೊಗೆಯೊಂದು ಎದ್ದು ಮೇಜಿನ ದೀಪದ ಕೆಳಗೆ ಸುತ್ತತೊಡಗಿತು. ಅತ್ತಿಗೆ ಎಡಗೈಯಲ್ಲಿ ಸ್ವಿಚ್ ಆರಿಸಿದಳು. ಬಲಗೈಯಲ್ಲಿದ್ದ ಮೀಟರಿನ ಕಡ್ಡಿಯ ತುದಿ ಕಪ್ಪಾಗಿತ್ತು.

"ಏನಾಯ್ತು ಅತ್ತಿಗೆ?" ಎಂದ ಮೈದುನ.

"ಆಗಬಾರದ್ದು ಆಯ್ತು. ಕೈ ಬೆವರಿತ್ತು, ಕಡ್ಡಿ ಜಾರಿತು. ಪ್ಲಸ್ಸಿಗೂ ಮೈನಸ್ಸಿಗೂ ಒಟ್ಟಿಗೆ ತಗುಲಿ ಶಾರ್ಟ್ ಆಯ್ತು."

"ಅಂದ್ರೆ ಬೋರ್ಡು ಹೋಯ್ತಾ?"

"ಗೊತ್ತಿಲ್ಲ. ಸ್ವಲ್ಪ ಬಾಯಿ ಮುಚ್ಕೊಂಡು ಕೂತ್ಕೋ."

ಇನ್‌ಸ್ಪೆಕ್ಟರ್ ಎನಿಸಿಕೊಂಡವನಿಗೆ ಬಾಯಿ ಮುಚ್ಕೋ ಎನ್ನುವ ಧೈರ್ಯ ಊರಲ್ಲಿ ಇದ್ದದ್ದು ಇವಳೊಬ್ಬಳಿಗೇ. ಅವಳು ಈ ಮನೆಗೆ ಸೊಸೆಯಾಗಿ ಬಂದಾಗ ಅವನು ಶೂ ಲೇಸು ಕಟ್ಟಿಕೊಳ್ಳಲೂ ಬಾರದ ಪೋರ. ದಿನಾ ಕಟ್ಟಿ ಶಾಲೆಗೆ ಕಳಿಸುತ್ತಿದ್ದವಳು ಇವಳೇ. ಅಣ್ಣ ತೀರಿಕೊಂಡ ಮೇಲೂ ಆ ಸಲುಗೆ ಹಾಗೇ ಉಳಿದಿತ್ತು. ಅವನು ತೆಪ್ಪಗೆ ಸ್ಟೂಲಿನ ಮೇಲೆ ಕೂತ.

ಮನೆಯ ಮುಂಭಾಗದಲ್ಲೇ ಇದ್ದ ಅವಳ ರಿಪೇರಿ ಅಂಗಡಿಯ ಮೇಜಿನ ಮೇಲಿದ್ದದ್ದು ಏಳಂತಸ್ತಿನ ಕಟ್ಟಡವೊಂದರ ಲಿಫ್ಟಿನ ಕಂಟ್ರೋಲ್ ಬೋರ್ಡು. ಮೊನ್ನೆ ಆ ಕಟ್ಟಡದ ನಾಲ್ಕನೇ ಅಂತಸ್ತಿನಲ್ಲಿ ವಯಸ್ಸಾದ ಟೀಚರಮ್ಮ ಒಬ್ಬರು ಲಿಫ್ಟಿನ ಬಾಗಿಲು ಎಳೆದು ಒಳಗೆ ಕಾಲಿಟ್ಟಿದ್ದರು. ಒಳಗೆ ಲಿಫ್ಟೇ ಇರಲಿಲ್ಲ. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಲಿಫ್ಟು ಅಲುಗಾಡಬಾರದು. ಆದರೆ ಯಾರೋ ಬೋರ್ಡಿಗೆ ಒಂದು ಅಡ್ಡತಂತಿ ಸಿಕ್ಕಿಸಿ ಆ ಕಾವಲನ್ನೇ ತಪ್ಪಿಸಿಟ್ಟಿದ್ದರು. ರಿಪೇರಿ ಮಾಡುವಾಗ ಹಾಕಿದ ತಂತಿಯನ್ನು ತೆಗೆಯಲು ಮರೆತ ಎಂದು ಲಿಫ್ಟ್ ಮೆಕ್ಯಾನಿಕ್ ಪಾದರಸ ಈಗ ಲಾಕಪ್ಪಿನಲ್ಲಿದ್ದ.

ಪಾದರಸ ಅವನ ಹೆಸರಲ್ಲ. ಒಂದು ಕಡೆ ನಿಲ್ಲದವನು ಎಂದು ಅತ್ತಿಗೆಯೇ ಇಟ್ಟ ಅಡ್ಡಹೆಸರು. ಕೆಲಸ ಕಲಿತದ್ದು ಇದೇ ಮೇಜಿನಲ್ಲಿ, ಉಂಡದ್ದು ಇದೇ ಅಡುಗೆಮನೆಯಲ್ಲಿ. ಹೆತ್ತಿರಲಿಲ್ಲ ಅಷ್ಟೇ, ಉಳಿದಂತೆ ಮಗನೇ.

"ಅತ್ತಿಗೆ, ಸಂಜೆ ಇದನ್ನ ಪ್ರಯೋಗಾಲಯಕ್ಕೆ ಕಳಿಸಬೇಕು," ಎಂದ ಮೈದುನ, ಬಾಯಿ ಮುಚ್ಚಿಕೊಂಡಿರಲಾಗದೆ. "ಯಾರನ್ನೂ ಕೇಳದೆ ನಿಮ್ಮ ಹತ್ರ ತಂದಿದ್ದೀನಿ. ಈಗ ಸುಟ್ಟುಹೋಗಿದೆ ಅಂದ್ರೆ ನನ್ನ ಕೆಲಸ ಹೋಗತ್ತೆ. ಅದು ಹಾಳಾಗ್ಲಿ. ಪಾದರಸ ಒಳಗೇ ಉಳೀತಾನೆ."

"ಅವನು ತಂತಿ ತೆಗೆದಿದ್ದಾನೆ."

"ಅದನ್ನ ಹೇಗೆ ನಂಬೋದು ಹೇಳಿ?"

"ಅಡ್ಡತಂತಿ ಹಾಕುವಾಗ ಅವನು ತನ್ನ ಸ್ಕೂಟರ್ ಕೀ ಅದಕ್ಕೆ ಕಟ್ಟಿ ಹಾಕ್ತಾನೆ. ಮರೆತರೆ ಮನೆಗೆ ಹೋಗೋಕಾಗಲ್ಲ. ನಾನೇ ರೂಢಿ ಮಾಡಿಸಿದ್ದು. ಸರ್ವೀಸ್ ಮುಗಿಸಿ ಸ್ಕೂಟರಲ್ಲೇ ಮನೆಗೆ ಹೋಗಿದ್ದನೋ ಇಲ್ವೋ?"

"ಹೋಗಿದ್ದ. ಆದ್ರೆ ಕೋರ್ಟಲ್ಲಿ ಸ್ಕೂಟರ್ ಬಂದು ಸಾಕ್ಷಿ ಹೇಳಲ್ವಲ್ಲ."

ಅತ್ತಿಗೆಗೆ ರೇಗಿತು. ಆದರೆ ಅವನು ಹೇಳಿದ್ದು ತಪ್ಪಾಗಿರಲಿಲ್ಲ. ಅವಳು ದೀಪವನ್ನು ತಗ್ಗಿಸಿ ಭೂತಗನ್ನಡಿ ತೆಗೆದುಕೊಂಡಳು.

ಒಳಮನೆಯ ಪರದೆ ಸರಿಯಿತು. ಮಗಳು ನಿಂತಿದ್ದಳು. ಕನ್ನಡಕದ ಅಂಗಡಿಯ ಕೆಲಸಕ್ಕೆ ರಜೆ ಹಾಕಿ ಎರಡು ದಿನದಿಂದ ಮಲಗಿಯೇ ಇದ್ದಳು. ಪಾದರಸನ ಜೊತೆ ಇದೇ ಮೇಜಿನ ಸುತ್ತ ಆಡಿ ಬೆಳೆದವಳು. ಅತ್ತು ಅವಳ ಕಣ್ಣು ಊದಿತ್ತು.

"ಏನೋ ಸುಟ್ಟ ವಾಸನೆ ಬಂತು," ಎಂದಳು. ಆಮೇಲೆ ಚಿಕ್ಕಪ್ಪನ ಕಡೆ ನೋಡದೆಯೇ, "ಅವನನ್ನ ಇವತ್ತಾದ್ರೂ ಬಿಡ್ತಾರಾ?" ಎಂದು ಕೇಳಿದಳು.

"ನಿಮ್ಮಮ್ಮ ಕೆಲಸ ಮಾಡ್ತಿದ್ದಾರಲ್ಲ, ನೋಡೋಣ ಪುಟ್ಟಿ," ಎಂದ ಅವನು.

ಪರದೆ ಮತ್ತೆ ಮುಚ್ಚಿಕೊಂಡಿತು.

ಅತ್ತಿಗೆ ಭೂತಗನ್ನಡಿಯಲ್ಲಿ ನೋಡುತ್ತಾ ಹೋದಳು. ಎಡಮೂಲೆಯಲ್ಲಿ ಕೂದಲೆಳೆಯಷ್ಟು ತಾಮ್ರದ ದಾರಿ ಸುಟ್ಟು ಎದ್ದು ನಿಂತಿತ್ತು. ಕರೆಂಟು ಬೋರ್ಡಿನ ಒಳಗೆ ಬರುವ ಕಡೆಯಲ್ಲಿ ಗಾಜಿನ ಸಣ್ಣ ಕೊಳವೆ, ಅಂದರೆ ಫ್ಯೂಸು. ಅದರ ಗಾಜು ಒಳಗಿನಿಂದ ಮಸಿ ಹಿಡಿದಿತ್ತು. ಅತ್ತಿಗೆಯ ಎದೆ ತುಸು ಹಗುರಾಯಿತು.

"ಸದ್ಯ, ಫ್ಯೂಸು ಹೋಗಿದೆ."

"ಅದರಲ್ಲಿ ಸಂತೋಷ ಪಡೋದು ಏನಿದೆ?"

"ಫ್ಯೂಸು ಇರೋದೇ ಸಾಯೋಕೆ ಕಣೋ. ಶಾರ್ಟ್ ಆದ ತಕ್ಷಣ ಅದು ಸುಟ್ಟು ಕರೆಂಟು ನಿಲ್ಲಿಸತ್ತೆ. ಅದು ಸತ್ತಿದೆ ಅಂದ್ರೆ ಉಳಿದದ್ದು ಬದುಕಿರತ್ತೆ."

ಹೇಳುತ್ತಲೇ ಅವಳು ಮೀಟರನ್ನು ಸದ್ದಿನ ಗುರುತಿಗೆ ತಿರುಗಿಸಿ ಎರಡು ಕಡ್ಡಿಗಳನ್ನು ಫ್ಯೂಸಿನ ಎರಡು ತುದಿಗೆ ಇಟ್ಟಳು. ದಾರಿ ಕಡಿದುಹೋಗಿದ್ದರೆ ಮೀಟರು ಸುಮ್ಮನಿರಬೇಕು.

ಮೀಟರು ಕುಯ್ಯೋ ಎಂದು ಕೂಗಿತು.

ಅತ್ತಿಗೆ ಕಡ್ಡಿ ಎತ್ತಿ ಮತ್ತೆ ಇಟ್ಟಳು. ಮತ್ತೆ ಕೂಗಿತು. ಸತ್ತ ಫ್ಯೂಸಿನ ಮೂಲಕ ಕರೆಂಟು ಆರಾಮಾಗಿ ಓಡಾಡುತ್ತಿತ್ತು.

"ಏನಂತೆ?" ಎಂದ ಮೈದುನ.

ಅವಳು ಬೋರ್ಡನ್ನು ತಗಡಿಗೆ ಬಿಗಿದಿದ್ದ ಸ್ಕ್ರೂಗಳನ್ನು ಬಿಚ್ಚಿದಳು. ತಿರುಗಿಸಿ ಬೆನ್ನು ಮೇಲೆ ಮಾಡಿದಳು. ಪೊಲೀಸರು ಮುಂಭಾಗದ ಫೋಟೊ ಹೊಡೆದು ಕಟ್ಟಿಟ್ಟಿದ್ದರೇ ಹೊರತು ಬೆನ್ನನ್ನು ಯಾರೂ ನೋಡಿರಲಿಲ್ಲ. ಅಲ್ಲಿ, ಫ್ಯೂಸಿನ ಎರಡು ಕಾಲುಗಳ ನಡುವೆ, ದಪ್ಪ ತಾಮ್ರದ ತಂತಿಯೊಂದನ್ನು ಸೇತುವೆ ಹಾಕಿದ ಹಾಗೆ ಬೆಸೆದಿದ್ದರು.

"ನೋಡಿಲ್ಲಿ. ಫ್ಯೂಸು ಈಗ ಹೋಗಿದ್ದಲ್ಲ, ಮೊದಲೇ ಹೋಗಿದೆ. ಹೋದ ಫ್ಯೂಸಿಗೆ ಯಾರೋ ಹಿಂದಿನಿಂದ ದಾರಿ ಮಾಡಿದ್ದಾರೆ. ನನ್ನ ಕೈ ಜಾರದೆ ಇದ್ದಿದ್ರೆ ನಾನೂ ಇದನ್ನ ತಿರುಗಿಸಿ ನೋಡ್ತಿರಲಿಲ್ಲ."

"ಪಾದರಸ ಮಾಡಿರಬಹುದಲ್ಲ?"

ಅತ್ತಿಗೆ ಬೆಸುಗೆಯ ಮೇಲೆ ಭೂತಗನ್ನಡಿ ಹಿಡಿದಳು. ಅದರಲ್ಲಿ ಇನ್ನೊಂದು ಸಂಗತಿ ಕಂಡಿತು. ತಂತಿಯ ಎರಡೂ ತುದಿಗಳನ್ನು ಕಾಲುಗಳಿಗೆ ಕೊಕ್ಕೆಯಂತೆ ಸುತ್ತಿ, ಆಮೇಲೆ ಬೆಸೆದಿದ್ದರು. ಬೇರೆ ಅಂಗಡಿಗಳಲ್ಲಿ ತಂತಿಯನ್ನು ಮೇಲೆ ಮಲಗಿಸಿ ಬೆಸೆಯುತ್ತಾರೆ. ಕೊಕ್ಕೆ ಹಾಕದೆ ಬೆಸೆಯಬಾರದು ಎಂದು ಬೈದು ಬೈದು ಕಲಿಸಿದವಳು ಇವಳು. ಹೇಳಿದರೆ ಪಾದರಸನ ಕುತ್ತಿಗೆಗೆ ಇನ್ನೊಂದು ಕುಣಿಕೆ. ಹೇಳದಿದ್ದರೆ ಪ್ರಯೋಗಾಲಯದವರಿಗೆ ಇದು ಬರೀ ತಂತಿ.

ಆದರೂ ಹೇಳಿದಳು. ಮುಚ್ಚಿಟ್ಟು ಬದುಕುವ ಜಾಯಮಾನ ಅವಳದಲ್ಲ.

"ಈ ಕೊಕ್ಕೆ ನಮ್ಮ ಅಂಗಡಿಯ ಪಾಠ."

ಮೈದುನನ ಮುಖ ಕಪ್ಪಿಟ್ಟಿತು. "ಹಾಗಾದ್ರೆ ಇನ್ನೇನು ಉಳೀತು ಅತ್ತಿಗೆ?"

"ಪೂರ್ತಿ ಕೇಳು ಮಾರಾಯ. ಬೆಸುಗೆ ನೋಡು, ಮೂಗಿನಿಂದ ಸುರಿದ ಹಾಗಿದೆ. ಒಂದು ಕಡೆ ಉಂಡೆ, ಇನ್ನೊಂದು ಕಡೆ ಅಂಟೇ ಇಲ್ಲ. ಪಾದರಸ ಇಂಥ ಬೆಸುಗೆ ಹಾಕಿದ್ರೆ ಆವತ್ತೇ ಅಂಗಡಿಯಿಂದ ಓಡಿಸ್ತಿದ್ದೆ. ಪಾಠ ನಮ್ಮದು, ಕೈ ನಮ್ಮದಲ್ಲ. ಅದು ಹೇಗೆ ಅಂತ ನನಗೂ ಗೊತ್ತಾಗ್ತಿಲ್ಲ. ಈ ಬೋರ್ಡು ಇದ್ದ ಪ್ಯಾನಲ್ ಪೆಟ್ಟಿಗೆಯ ಕೀ ಯಾರ ಹತ್ರ ಇರತ್ತೆ?"

"ಒಂದು ಪಾದರಸನ ಹತ್ರ. ಇನ್ನೊಂದು ಬಿಲ್ಡಿಂಗ್ ಮ್ಯಾನೇಜರ್ ಹತ್ರ."

"ಮ್ಯಾನೇಜರನ್ನ ಇಲ್ಲಿಗೆ ಕರೆಸು."

ಅವನು ಫೋನ್ ಹಿಡಿದು ಅಂಗಡಿಯ ಮೆಟ್ಟಿಲಿಗೆ ಹೋದ. ಅತ್ತಿಗೆ ಬೋರ್ಡಿನ ಮುಂದೆ ಒಬ್ಬಳೇ ಉಳಿದಳು. ತಂತಿ ಸಿಕ್ಕಿತು ನಿಜ, ಆದರೆ ಬೋರ್ಡು ಇನ್ನೂ ಹೆಣದಂತೆ ಬಿದ್ದಿತ್ತು. ಪ್ಲಸ್ಸಿಗೂ ಮೈನಸ್ಸಿಗೂ ಕಡ್ಡಿ ಇಟ್ಟರೆ ಮೀಟರು ಬಾಯಿ ಮುಚ್ಚುತ್ತಿರಲಿಲ್ಲ, ಅಂದರೆ ಶಾರ್ಟ್ ಇನ್ನೂ ಒಳಗೇ ಇತ್ತು. ಹೀಗೇ ಕಳಿಸಿದರೆ ಲಿಫ್ಟ್ ಕಂಪನಿಯ ವಕೀಲ ಏನು ಹೇಳುತ್ತಾನೆಂದು ಅವಳಿಗೆ ಗೊತ್ತಿತ್ತು. ಆರೋಪಿಯ ಗುರು ಸಾಕ್ಷಿಯನ್ನು ಸುಟ್ಟಳು, ತಂತಿಯನ್ನೂ ಅವಳೇ ಬೆಸೆದಳು ಎನ್ನುತ್ತಾನೆ. ನಾಲ್ಕು ಜನ ಹೌದೆನ್ನುತ್ತಾರೆ.

ಅವಳು ಬೋರ್ಡಿನ ಎರಡೂ ಮಗ್ಗುಲ ಫೋಟೊ ತೆಗೆದಿಟ್ಟುಕೊಂಡಳು. ಆಮೇಲೆ ಬೋರ್ಡಿನ ಮುಂಭಾಗ ಮೇಲೆ ಮಾಡಿ, ಸ್ಪಿರಿಟ್ ಸೀಸೆ ತೆಗೆದು ಸವರತೊಡಗಿದಳು.

"ಅದೇನು ಅಭಿಷೇಕ?" ಎಂದ ಮೈದುನ, ವಾಪಸ್ ಬಂದವನೇ. "ಬರ್ತಾ ಇದ್ದಾನೆ. ಹತ್ತಿರದಲ್ಲೇ ಇದ್ದನಂತೆ."

"ಶಾರ್ಟ್ ಆದ ಬಿಡಿಭಾಗ ಬಿಸಿಯಾಗತ್ತೆ. ಬೋರ್ಡಿಗೆಲ್ಲ ಸ್ಪಿರಿಟ್ ಸವರಿ ಒಂಚೂರು ಕರೆಂಟು ಬಿಟ್ಟರೆ ಎಲ್ಲಿ ಮೊದಲು ಆರತ್ತೋ ಅಲ್ಲೇ ಕಳ್ಳ ಇರ್ತಾನೆ. ನಿಮ್ಮ ಹಾಗೆ ಬೂಟುಗಾಲಲ್ಲಿ ಒದ್ದು ಕೇಳೋದಲ್ಲ ಇಲ್ಲಿ."

"ನಾವು ಯಾರನ್ನೂ ಒದೆಯಲ್ಲ ಅತ್ತಿಗೆ."

"ನಂಬಿದೆ."

ಇಬ್ಬರೂ ಬೋರ್ಡಿನ ಮೇಲೆ ಬಗ್ಗಿದರು. ಒದ್ದೆ ಬೋರ್ಡು ದೀಪದ ಕೆಳಗೆ ಹೊಳೆಯುತ್ತಿತ್ತು. ಮೊದಲು ಏನೂ ಆಗಲಿಲ್ಲ. ಅತ್ತಿಗೆ ಕರೆಂಟನ್ನು ಇನ್ನಷ್ಟು ಏರಿಸಿದಳು. ಹೆಚ್ಚಾದರೆ ಒಳ್ಳೆಯ ಬಿಡಿಭಾಗವೂ ಸಾಯುತ್ತದೆ, ಕಡಿಮೆಯಾದರೆ ಕಳ್ಳ ಸಿಗುವುದಿಲ್ಲ. ಅವಳು ಗುಂಡಿಯನ್ನು ಇನ್ನೊಂದು ಎಳೆಯಷ್ಟೇ ತಿರುಗಿಸಿದಳು.

"ಅಲ್ಲಿ," ಎಂದ ಮೈದುನ ಪಿಸುಗುಟ್ಟಿ.

ಮೂಲೆಯಲ್ಲಿ ಸಾಸಿವೆಕಾಳಿನಷ್ಟು ಜಾಗ ಮಂಕಾಯಿತು. ಹಾಗೇ ಹರಡಿತು. ಕಂದು ಬಣ್ಣದ ಸಣ್ಣ ಕೆಪಾಸಿಟರ್ ಒಂದರ ಸುತ್ತ ಮಾತ್ರ ಸ್ಪಿರಿಟ್ ಆರಿಹೋಗಿತ್ತು.

ಅತ್ತಿಗೆ ಬೋರ್ಡನ್ನು ತಿರುಗಿಸಿ ಬೆನ್ನಿನ ಕಡೆಯಿಂದ ಅದರ ಕಾಲು ಎಬ್ಬಿಸಿದಳು. ಮೀಟರು ತೆಪ್ಪಗಾಯಿತು.

"ಬೋರ್ಡು ಉಳೀತು. ಸುಟ್ಟ ದಾರಿಗೆ ಒಂದು ತೆಳು ತಂತಿ ಹಾಕಿದ್ರೆ ಮುಗೀತು. ಕೈ ಜಾರಿದ್ದು ನಾನು, ಏನೇನು ಮುಟ್ಟಿದೆ ಅಂತ ಬರೆದು ಸಹಿ ಹಾಕಿ ಕೊಡ್ತೀನಿ. ಬೆನ್ನಲ್ಲಿರೋ ಆ ತಂತೀನ ಮಾತ್ರ ಮುಟ್ಟಲ್ಲ."

"ಬರೆದು ಕೊಟ್ಟರೆ ನಿಮಗೇ ತೊಂದರೆ."

"ಆಗ್ಲಿ. ನನ್ನ ಕೈಯಲ್ಲಿ ಆದದ್ದಕ್ಕೆ ಇನ್ನೊಬ್ಬರು ಯಾಕೆ ಅನುಭವಿಸಬೇಕು?"

ಬಾಗಿಲಲ್ಲಿ ಯಾರೋ ಕೆಮ್ಮಿದರು.

ಮ್ಯಾನೇಜರ್ ಐವತ್ತು ದಾಟಿದ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಸೊಂಟದಲ್ಲಿ ಕೀಗೊಂಚಲು. ಒಳಗೆ ಬಂದವನು ಮೊದಲು ನೋಡಿದ್ದು ಇನ್‌ಸ್ಪೆಕ್ಟರನ್ನಲ್ಲ, ಮೇಜಿನ ಮೇಲೆ ಬೆನ್ನು ಮೇಲಾಗಿ ಮಲಗಿದ್ದ ಬೋರ್ಡನ್ನು. ನೋಡಿ ಕಣ್ಣು ತಿರುಗಿಸಿಕೊಂಡ.

"ಕೂತ್ಕೊಳ್ಳಿ," ಎಂದ ಮೈದುನ. "ಪ್ಯಾನಲ್ ಕೀ ನಿಮ್ಮ ಹತ್ರಾನೂ ಇದೆ ಅಲ್ವಾ?"

"ಇದೆ ಸಾರ್. ಹೆಸರಿಗೆ ಅಷ್ಟೇ. ನನಗೆ ಬಲ್ಬು ಬದಲಾಯಿಸೋಕೂ ಬರಲ್ಲ. ಮನೇಲಿ ಅದನ್ನೂ ಹೆಂಡತೀನೇ ಮಾಡೋದು."

"ಪ್ಯಾನಲ್ ತೆಗೆದಿದ್ರಾ ಇಲ್ವಾ?"

"ಇಲ್ಲ ಸಾರ್. ಅದೆಲ್ಲ ಮೆಕ್ಯಾನಿಕ್ ಕೆಲಸ."

"ಅವನು ಬಂದುಹೋದ ಮೇಲೆ ಲಿಫ್ಟ್ ಏನಾದ್ರೂ ಕೈಕೊಟ್ಟಿತ್ತಾ?"

"ಇಲ್ಲ ಸಾರ್. ಚೆನ್ನಾಗೇ ಓಡ್ತಿತ್ತು. ಆ ತಾಯಿ ಹಾಗೆ ಹೋದ್ರಲ್ಲ, ಅದೇ ಕಣ್ಮುಂದೆ ಬರತ್ತೆ. ರಾತ್ರಿ ನಿದ್ದೆ ಇಲ್ಲ."

ಕೊನೆಯ ಮಾತು ಸುಳ್ಳಾಗಿರಲಿಲ್ಲ. ಅವನ ಕಣ್ಣ ಕೆಳಗೆ ಕಪ್ಪು ಚೀಲಗಳು ಜೋತಿದ್ದವು. ಮೈದುನ ಮುಂದಿನ ಪ್ರಶ್ನೆ ಹುಡುಕುತ್ತಿದ್ದ. ಅತ್ತಿಗೆ ಅವರಿಬ್ಬರ ಕಡೆ ಗಮನವೇ ಇಲ್ಲದವಳಂತೆ ಬೋರ್ಡನ್ನು ಮಗುಚಿ, ಚಿಮಟದಲ್ಲಿ ತೆಳು ತಂತಿ ಹಿಡಿದು ಸುಟ್ಟ ದಾರಿಯ ಮೇಲೆ ಕೂರಿಸುತ್ತಿದ್ದಳು. ಎರಡೂ ಕೈ ಬಿಡುವಿರಲಿಲ್ಲ.

"ಆ ಸೋಲ್ಡರಿಂಗ್ ಐರನ್ ಸ್ವಲ್ಪ ಕೊಡ್ತೀರಾ?" ಎಂದಳು, ತಲೆ ಎತ್ತದೆ.

ಮ್ಯಾನೇಜರ್ ಎದ್ದ. ಕಾದ ಐರನ್ನನ್ನು ಸ್ಟ್ಯಾಂಡಿನಿಂದ ತೆಗೆದ. ಪಕ್ಕದ ತಟ್ಟೆಯಲ್ಲಿದ್ದ ಒದ್ದೆ ಸ್ಪಂಜಿಗೆ ಅದರ ತುದಿಯನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಒರೆಸಿದ. ಸುಂಯ್ ಎಂದು ಆವಿ ಎದ್ದಿತು. ಆಮೇಲೆ ಹಿಡಿಯನ್ನು ಅವಳ ಕಡೆ ಮಾಡಿ ಚಾಚಿದ.

ಅತ್ತಿಗೆ ತೆಗೆದುಕೊಳ್ಳಲಿಲ್ಲ. ಅವನ ಕೈಯನ್ನೇ ನೋಡುತ್ತಿದ್ದಳು.

"ಬಲ್ಬು ಹಾಕೋಕೆ ಬಾರದವರು ಐರನ್ ಒರೆಸಿ ಕೊಡ್ತೀರಲ್ಲ," ಎಂದಳು ಮೆಲ್ಲಗೆ. "ಕೊಡು ಅಂದ್ರೆ ಸುಮ್ಮನೆ ಎತ್ತಿಕೊಡಬೇಕಿತ್ತು ನೀವು. ಯಾರು ಹೇಳಿಕೊಟ್ಟಿದ್ದು?"

ಮೈದುನ ಎದ್ದು ಬಂದು ಐರನ್ನನ್ನು ಮ್ಯಾನೇಜರ್ ಕೈಯಿಂದ ತೆಗೆದು ಸ್ಟ್ಯಾಂಡಿಗೆ ಇಟ್ಟ. ಈಗ ಅವನ ಮುಖದಲ್ಲಿ ಪೋರನ ಲಕ್ಷಣ ಒಂದೂ ಇರಲಿಲ್ಲ.

"ಕೂತ್ಕೊಳ್ರಿ. ಈಗ ಮೊದಲಿನಿಂದ ಹೇಳಿ."

"ಸಾರ್, ನಾನು ಬೇಕಂತ..."

"ಬೇಕಂತ ಅಂತ ಯಾರೂ ಅಂದಿಲ್ಲ. ಹೇಳಿ."

ಮ್ಯಾನೇಜರ್ ಸ್ಟೂಲಿನ ಮೇಲೆ ಕುಸಿದ. ಒಳಗೆ ಕಟ್ಟಿಕೊಂಡಿದ್ದದ್ದು ಒಡೆದು ಹೊರಬಂತು. "ಅದು ಆಗೋದಕ್ಕೆ ಹಿಂದಿನ ದಿನ ಸಾರ್. ಲಿಫ್ಟು ಎರಡು ಮಹಡಿ ಮಧ್ಯೆ ನಿಂತುಬಿಡ್ತು. ಒಳಗೆ ಒಬ್ಬಳು ಸಿಕ್ಕಿಹಾಕ್ಕೊಂಡಿದ್ಲು. ಲಿಫ್ಟೊಳಗೆ ನನ್ನ ನಂಬರ್ ಅಂಟಿಸಿದ್ದೀವಲ್ಲ, ಅದಕ್ಕೆ ಫೋನ್ ಮಾಡಿದ್ಲು. ಉಸಿರು ಕಟ್ತಿದೆ, ಬೇಗ ಏನಾದ್ರೂ ಮಾಡಿ ಅಂದ್ಲು. ಮೆಕ್ಯಾನಿಕ್‌ಗೆ ಮಾಡಿದ್ರೆ ಎತ್ತಲಿಲ್ಲ. ನನಗೆ ಕೈಕಾಲೇ ಆಡಲಿಲ್ಲ ಸಾರ್."

"ಆಮೇಲೆ?"

"ನೀವು ಮೇಲೆ ಮೆಷಿನ್ ರೂಮಿಗೆ ಹೋಗಿ, ಪ್ಯಾನಲ್ ತೆಗೀರಿ, ನಾನು ಹೇಳ್ತೀನಿ ಅಂದ್ಲು. ಫೋನಲ್ಲೇ ಒಂದೊಂದೂ ಹೇಳಿಕೊಟ್ಲು. ಮೊದಲು ಮೇನ್ ಆರಿಸಿ ಅಂದ್ಲು. ಫ್ಯೂಸು ಕಪ್ಪಾಗಿದೆಯಾ ನೋಡಿ ಅಂದ್ಲು. ಇಂಟರ್‌ಕಾಮ್‌ನವನು ಬಿಟ್ಟುಹೋಗಿದ್ದ ಐರನ್ ಇತ್ತು. ಬೋರ್ಡು ಬಿಚ್ಚಿ ತಿರುಗಿಸಿ, ಹಿಂದೆ ತಂತಿ ಕೊಕ್ಕೆ ಮಾಡಿ ಸುತ್ತಿ ಬೆಸೀರಿ ಅಂದ್ಲು. ಆಮೇಲೆ ಬಾಗಿಲಿನ ಕಾವಲಿನ ಎರಡು ಸ್ಕ್ರೂಗೆ ಒಂದು ಅಡ್ಡತಂತಿ. ಮತ್ತೆ ಮೇನ್ ಹಾಕಿದಾಗ ಲಿಫ್ಟು ಕೆಳಗೆ ಹೋಯ್ತು. ನಾನು ಮೇಲಿಂದ ಇಳಿದು ಬರೋ ಹೊತ್ತಿಗೆ ಅವಳು ಹೊರಟುಹೋಗಿದ್ಲು. ಮುಖ ಸಹ ನೋಡಲಿಲ್ಲ."

"ತಂತಿ ತೆಗೀರಿ ಅಂತ ಹೇಳಲಿಲ್ವಾ?" ಅತ್ತಿಗೆಯ ದನಿ ಒಣಗಿತ್ತು.

"ಹೇಳಿದ್ಲು ಅಮ್ಮಾ. ಲಿಫ್ಟು ಬಂದ್ ಮಾಡಿ, ಎರಡೂ ತಂತಿ ತೆಗೆದು, ತಕ್ಷಣ ಮೆಕ್ಯಾನಿಕ್ ಕರೆಸಿ ಅಂದ್ಲು. ಮೂರು ಸಲ ಹೇಳಿದ್ಲು. ಓಡ್ತಾ ಇದೆಯಲ್ಲ, ನಾಳೆ ನೋಡೋಣ ಅಂತ ನಾನೇ..." ಅವನು ಮುಖ ಮುಚ್ಚಿಕೊಂಡ.

ಮೈದುನ ಅತ್ತಿಗೆಯ ಕಡೆ ತಿರುಗಿದ. ಅವನ ಕಣ್ಣಲ್ಲಿ ಬೆಳಕಿತ್ತು. "ಪಾದರಸ ಬಚಾವಾದ ಅತ್ತಿಗೆ. ಆ ಹೆಂಗಸು ಬಂದು ಇದನ್ನೇ ಹೇಳಿದ್ರೆ ಸಾಕು, ಇವತ್ತೇ ಹೊರಗೆ ಬರ್ತಾನೆ. ಅವಳಿಲ್ದೆ ಇದ್ರೆ ಇವನ ಮಾತನ್ನ ಕೋರ್ಟು ಒಪ್ಪಲ್ಲ. ನಾಳೆ ಇವನೇ ಉಲ್ಟಾ ಹೊಡೀಬಹುದು."

ಅತ್ತಿಗೆಗೆ ಅದು ಕೇಳಿಸಿತೋ ಇಲ್ಲವೋ. ಅವಳು ಮ್ಯಾನೇಜರನ್ನೇ ನೋಡುತ್ತಿದ್ದಳು. "ಐರನ್ ಒರೆಸೋಕೆ ಏನಂತ ಹೇಳಿದ್ಲು? ಅವಳು ಅಂದ ಹಾಗೇ ಹೇಳಿ."

ಅವನು ನೆನಪು ಮಾಡಿಕೊಂಡ. "ಒದ್ದೆ ಬಟ್ಟೆ ಇಟ್ಕೊಳ್ಳಿ ಅಂದ್ಲು. ಮೂತಿ ತೊಳೀದೆ ಯಾರನ್ನೂ ಮುಟ್ಟಬಾರದು, ಅದಕ್ಕೂ ಮರ್ಯಾದೆ ಇರತ್ತೆ ಅಂದ್ಲು. ಅಂಥ ಹೊತ್ತಲ್ಲೂ ನನಗೆ ನಗು ಬಂತು ಅಮ್ಮಾ, ಅದಕ್ಕೇ ಮರೆತಿಲ್ಲ."

ಅತ್ತಿಗೆ ಮೇಜಿನ ಅಂಚು ಹಿಡಿದುಕೊಂಡಳು. ಐರನ್ನಿನ ತುದಿಗೆ ಮೂತಿ ಎನ್ನುವ ಅಂಗಡಿ ಇನ್ನೊಂದಿರಲಿಲ್ಲ. ಆ ಮಾತು ಅವಳದೇ, ಅಕ್ಷರ ಅಕ್ಷರವೂ. ಅದನ್ನು ಅವಳಿಂದ ಕೇಳಿ ಬೆಳೆದವರು ಇಬ್ಬರೇ. ಒಬ್ಬ ಲಾಕಪ್ಪಿನಲ್ಲಿದ್ದ, ಮತ್ತು ಅವನು ಹೆಣ್ಣಲ್ಲ.

"ನಿಮ್ಮ ಫೋನ್ ಕೊಡ್ರಿ," ಎಂದ ಮೈದುನ ಮ್ಯಾನೇಜರಿಗೆ. "ಆ ಕರೆ ಇನ್ನೂ ಅದರಲ್ಲಿ ಇರತ್ತಲ್ಲ?"

ಮ್ಯಾನೇಜರ್ ಹುಡುಕಿ, ಆ ದಿನದ ಕರೆಯನ್ನು ತೆರೆದು ಫೋನ್ ಚಾಚಿದ. ಮೈದುನನ ಕೈಗಿಂತ ಮೊದಲು ಅತ್ತಿಗೆಯ ಕೈ ಅಲ್ಲಿಗೆ ಹೋಗಿತ್ತು.

ಹೆಸರಿಲ್ಲದ ಬರೀ ನಂಬರು. ಅರೆನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲ ನಂಬರು.

ಆ ಕಟ್ಟಡಕ್ಕೆ ಅವಳು ಯಾಕೆ ಹೋಗಿದ್ದಳು? ಅಲ್ಲಿ ಅವಳಿಗೆ ಯಾರಿದ್ದಾರೆ? ಪಾದರಸ ಒಳಗೆ ಹೋದ ಮೇಲೂ ಬಾಯಿ ಬಿಡದಷ್ಟು ದೊಡ್ಡದು ಏನಿತ್ತು? ಸಾವಿಗೆ ಕಾರಣವಾದ ತಂತಿ ಹಾಕಿಸಿದವಳು ಎಂದು ಅವಳ ಮೇಲೂ ಕೇಸು ಬೀಳಬಹುದಿತ್ತು. ಒಂದು ಬೆರಳು ಒತ್ತಿದರೆ ಆ ಸಾಲು ಅಳಿಸಿಹೋಗುತ್ತಿತ್ತು. ಮೈದುನನಿಗೆ ಆ ನಂಬರು ಬಾಯಿಪಾಠವಿರಲಿಲ್ಲ. ಅವನ ಫೋನಿನಲ್ಲಿ ಅದು 'ಪುಟ್ಟಿ' ಎಂದಷ್ಟೇ ಕಾಣುತ್ತಿತ್ತು.

"ಯಾರದು ಅತ್ತಿಗೆ? ಗೊತ್ತಿರೋರದಾ?"

ಅವಳ ಹೆಬ್ಬೆರಳು ಆ ಸಾಲಿನ ಮೇಲೆಯೇ ನಿಂತಿತ್ತು. ಹೆತ್ತವಳಿಗೆ ಇದಕ್ಕಿಂತ ಕೆಟ್ಟ ಗಳಿಗೆ ಬರಲಾರದು ಎನಿಸಿತು. ಲಾಕಪ್ಪಿನ ನೆಲದ ಮೇಲೆ, ಒಂದು ಕಡೆ ನಿಲ್ಲಲಾರದ ಆ ಹುಡುಗ ಗೋಡೆಯಿಂದ ಗೋಡೆಗೆ ನಡೆಯುತ್ತಿರುವುದು ಕಣ್ಣಿಗೆ ಕಟ್ಟಿತು.

ಅವಳು ಫೋನನ್ನು ಮೈದುನನ ಕೈಗಿಟ್ಟಳು.

"ನೀನೇ ಮಾಡು. ನನ್ನ ಕೈಯಲ್ಲಿ ಆಗಲ್ಲ."

ಅವನು ಅರ್ಥವಾಗದೆ ಅವಳ ಮುಖ ನೋಡಿದ. ಆಮೇಲೆ ಒತ್ತಿದ.

ಪರದೆಯ ಆಚೆ, ಒಳಮನೆಯಲ್ಲಿ ಫೋನ್ ರಿಂಗಾಯಿತು.

ಮೈದುನನ ಬಾಯಿ ಹಾಗೇ ತೆರೆದುಕೊಂಡಿತು. ಎರಡನೇ ರಿಂಗು ಅರ್ಧಕ್ಕೇ ನಿಂತಿತು. ಯಾರೋ ಕರೆ ಕಡಿದಿದ್ದರು. ಅಷ್ಟರಲ್ಲಿ ಮನೆಯ ಹಿಂಬದಿಯಿಂದ, ತುಂಬ ನಿಧಾನವಾಗಿ, ಬಾಗಿಲಿನ ಚಿಲಕ ಸರಿದ ಸದ್ದು ಬಂತು.

"ಪುಟ್ಟಿ," ಎಂದು ಕೂಗಿ ಮೈದುನ ಒಳಕ್ಕೆ ನುಗ್ಗಿದ. ನುಗ್ಗಿದವನು ಅರ್ಧದಲ್ಲೇ ನಿಂತ.

ಪರದೆಗೆ ಬೆನ್ನು ಕೊಟ್ಟು, ಎರಡೂ ಕೈ ಚೌಕಟ್ಟಿಗೆ ಒತ್ತಿ, ಅತ್ತಿಗೆ ಅಡ್ಡ ನಿಂತಿದ್ದಳು. ಯಾವಾಗ ಬಂದು ನಿಂತಳೋ ಅವಳಿಗೇ ತಿಳಿದಿರಲಿಲ್ಲ.

"ಅತ್ತಿಗೆ, ದಾರಿ ಬಿಡಿ."

"ಬಿಡ್ತೀನಿ," ಎಂದಳು ಅವಳು. ಕಣ್ಣಿಂದ ನೀರು ಸುರಿಯುತ್ತಿತ್ತು. "ಬಿಡ್ತೀನಿ ಕಣೋ."

ಆದರೆ ಕಾಲು ಕದಲಲಿಲ್ಲ.